ನಿಮಗಿದು ಗೊತ್ತೇ? ಶ್ವಾಸಕೋಶದ ರಕ್ತನಾಳ ತನ್ನನ್ನು ತಾನೇ ಕಾಯುವ ಬಗೆ

ನ್ಯುಮೋನಿಯಾ, ರಕ್ತನಂಜು, ಕೋವಿಡ್. ಕಾಯಿಲೆಗಳು ಬೇರೆ ಬೇರೆ, ಆದರೆ ಪ್ರಾಣಕ್ಕೆ ಕುತ್ತು ಬರುವ ದಾರಿ ಅನೇಕ ಸಲ ಒಂದೇ: ಶ್ವಾಸಕೋಶದ ಅತಿ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ಈ ಸೋರಿಕೆಯನ್ನು ತಡೆಯಲು ಜೀವಕೋಶಗಳ ಒಳಗೇ ಪುರಾತನ ರಕ್ಷಣಾ ವ್ಯವಸ್ಥೆಯೊಂದಿದೆ. ವಿಜ್ಞಾನಿಗಳು ಅದನ್ನು ಒತ್ತಡ ಪ್ರತಿಕ್ರಿಯೆ ಎನ್ನುತ್ತಾರೆ. ಇಲ್ಲಿ ಒತ್ತಡವೆಂದರೆ ಮನಸ್ಸಿನ ಬೇಗುದಿಯಲ್ಲ. ಬಿಸಿ, ವಿಷ, ಆಮ್ಲಜನಕದ ಏರುಪೇರು, ಕೆಟ್ಟು ಕೂತ ಪ್ರೋಟೀನು. ಈ ಪ್ರತಿಕ್ರಿಯೆ ಹದದಲ್ಲಿದ್ದರೆ ಕಾಯುತ್ತದೆ, ಹದ ಮೀರಿದರೆ ಕೊಲ್ಲುತ್ತದೆ. ಆ ಹದದ ಕಥೆ ತುಣುಕು ತುಣುಕಾಗಿ ಇಲ್ಲಿದೆ.

ತೆಳುಗೋಡೆಯ ಲೋಕ

● ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಮಿದುಳು, ಮೂತ್ರಪಿಂಡ, ಯಕೃತ್ತು ಆ ರಕ್ತವನ್ನು ಪಾಲು ಹಂಚಿಕೊಳ್ಳುತ್ತವೆ. ಶ್ವಾಸಕೋಶಕ್ಕೆ ಮಾತ್ರ ಪಾಲಿನ ಮಾತಿಲ್ಲ, ಅಷ್ಟೂ ರಕ್ತ ಅದರ ಮೂಲಕವೇ ಹಾಯಬೇಕು. ಹಾಗಾಗಿ ರಕ್ತದಲ್ಲಿ ಎಲ್ಲಿಂದ ನಂಜು ಸೇರಿದರೂ ಅದರ ಮೊದಲ ಏಟು ತಿನ್ನುವ ಅಂಗಗಳಲ್ಲಿ ಶ್ವಾಸಕೋಶವೂ ಒಂದು.

● ಮನುಷ್ಯನ ಎರಡೂ ಶ್ವಾಸಕೋಶಗಳಲ್ಲಿ ಸರಾಸರಿ 48 ಕೋಟಿ ಗಾಳಿಗೂಡುಗಳಿವೆ ಎಂಬುದು 2004ರಲ್ಲಿ ಪ್ರಕಟವಾದ ಎಣಿಕೆ. ಪ್ರತಿ ಗೂಡಿನ ಸುತ್ತಲೂ ಲೋಮನಾಳಗಳ, ಅಂದರೆ ಅತಿ ಸಣ್ಣ ರಕ್ತನಾಳಗಳ, ದಟ್ಟ ಬಲೆ ಹೆಣೆದಿರುತ್ತದೆ.

● ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಅತಿ ತೆಳುವಾದ ಕಡೆ ಅರ್ಧ ಮೈಕ್ರೋಮೀಟರಿಗಿಂತ ಕಡಿಮೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಅಷ್ಟು ತೆಳುಗೋಡೆಯಲ್ಲೂ ಮೂರು ಪದರಗಳಿವೆ: ಗಾಳಿಯ ಕಡೆಗೊಂದು ಜೀವಕೋಶ, ರಕ್ತದ ಕಡೆಗೊಂದು ಜೀವಕೋಶ, ನಡುವೆ ಒಂದು ಪೊರೆ.

● ಕೆಂಪು ರಕ್ತಕಣವೊಂದು ಈ ಲೋಮನಾಳವನ್ನು ದಾಟಲು ವಿಶ್ರಾಂತಿಯಲ್ಲಿ ತೆಗೆದುಕೊಳ್ಳುವ ಸಮಯ ಸುಮಾರು ಮುಕ್ಕಾಲು ಸೆಕೆಂಡ್. ಆಮ್ಲಜನಕ ತುಂಬಿಕೊಳ್ಳಲು ಅದರ ಮೂರನೆಯ ಒಂದು ಭಾಗ ಸಾಕು. ಗೋಡೆ ನೀರು ಕುಡಿದು ಊದಿದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ.

● ರಕ್ತ ಶ್ವಾಸಕೋಶವನ್ನು ಸುತ್ತಿ ಬರುತ್ತದೆಂದು 13ನೇ ಶತಮಾನದಲ್ಲೇ ಬರೆದಿಟ್ಟವನು ಅರಬ್ ವೈದ್ಯ ಇಬ್ನ್ ಅಲ್-ನಫೀಸ್. ಆ ಹಸ್ತಪ್ರತಿ ಬರ್ಲಿನ್‌ನಲ್ಲಿ ಮತ್ತೆ ಬೆಳಕಿಗೆ ಬಂದದ್ದು 1924ರಲ್ಲಿ.

● ರಕ್ತ ಪರಿಚಲನೆಯನ್ನು 1628ರಲ್ಲಿ ವಿವರಿಸಿದ ವಿಲಿಯಂ ಹಾರ್ವೆ ಲೋಮನಾಳಗಳನ್ನು ಕಣ್ಣಾರೆ ಕಾಣಲೇ ಇಲ್ಲ. ಅವನು ತೀರಿಕೊಂಡದ್ದು 1657ರಲ್ಲಿ. ನಾಲ್ಕು ವರ್ಷಗಳ ನಂತರ, 1661ರಲ್ಲಿ, ಇಟಲಿಯ ಮಾರ್ಚೆಲ್ಲೋ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅವನ್ನು ಕಂಡ. ಲೋಮನಾಳದ ಮೊದಲ ದರ್ಶನ ಆದದ್ದೇ ಶ್ವಾಸಕೋಶದಲ್ಲಿ!

● ಶ್ವಾಸಕೋಶದ ಅಪಧಮನಿಯಲ್ಲಿ ಸರಾಸರಿ ರಕ್ತದೊತ್ತಡ ಕೇವಲ 14 ಮಿಲಿಮೀಟರ್ ಪಾದರಸದಷ್ಟು. ಮೈಯ ಉಳಿದ ಅಪಧಮನಿಗಳಲ್ಲಿ ಅದು 90ರ ಆಸುಪಾಸು. ಒತ್ತಡ ತಗ್ಗಿರುವುದರಿಂದಲೇ ಆ ತೆಳುಗೋಡೆ ಉಳಿದಿದೆ. ಶರವೇಗದಲ್ಲಿ ಓಡುವ ರೇಸ್ ಕುದುರೆಗಳಲ್ಲಿ ಈ ಒತ್ತಡ ವಿಪರೀತ ಏರಿ, ಲೋಮನಾಳಗಳು ಬಿರಿದು, ಶ್ವಾಸಕೋಶದೊಳಗೆ ರಕ್ತ ಒಸರುವುದು ಸಾಮಾನ್ಯ.

ಗೋಡೆಯ ಕಾವಲುಗಾರರು

● ರಕ್ತನಾಳದ ಒಳಮೈಗೆ ಹಾಸಿರುವ ಒಂದೇ ಸಾಲಿನ ಜೀವಕೋಶಗಳಿಗೆ ಎಂಡೋಥೀಲಿಯಂ ಎಂದು ಹೆಸರು. ಬಹುಕಾಲ ಇದನ್ನು ಬರೀ ಹೊದಿಕೆಯೆಂದೇ ಎಣಿಸಿದ್ದರು. ಆದರೆ ರಕ್ತದೊತ್ತಡ ಏರಿಸುವ ಆಂಜಿಯೋಟೆನ್ಸಿನ್ ಹಾರ್ಮೋನು ತನ್ನ ಚುರುಕಾದ ರೂಪಕ್ಕೆ ಬದಲಾಗುವುದು ಹೆಚ್ಚಾಗಿ ಶ್ವಾಸಕೋಶದ ಈ ಹೊದಿಕೆಯ ಮೇಲೆಯೇ. ಲಕ್ಷಾಂತರ ಜನ ನುಂಗುವ ಬಿಪಿ ಮಾತ್ರೆಗಳ ಒಂದು ಗುಂಪು ತಡೆಯುವುದು ಇದೇ ಬದಲಾವಣೆಯನ್ನು.

● ಶ್ವಾಸಕೋಶದ ಲೋಮನಾಳಗಳಲ್ಲಿ ಎಂಡೋಥೀಲಿಯಲ್ ಜೀವಕೋಶಗಳು ಎರಡು ಬಗೆ ಎಂದು ತಿಳಿದದ್ದು ತೀರಾ ಈಚೆಗೆ, 2020ರಲ್ಲಿ. ಒಂದು ಬಗೆ ಅನಿಲ ವಿನಿಮಯಕ್ಕೆಂದೇ ಅಗಲವಾಗಿ ಹರಡಿಕೊಂಡದ್ದು, ಇನ್ನೊಂದು ಹಾನಿಯಾದಾಗ ಹೊಸ ಜೀವಕೋಶಗಳನ್ನು ಹುಟ್ಟಿಸಿ ದುರಸ್ತಿ ಮಾಡುವಂಥದ್ದು.

● ಅಕ್ಕಪಕ್ಕದ ಜೀವಕೋಶಗಳನ್ನು ಬೆಸೆಯುವ ಮುಖ್ಯ ಪ್ರೋಟೀನು ವಿಇ-ಕ್ಯಾಡ್ಹೆರಿನ್. ಕ್ಯಾಲ್ಸಿಯಂ ಇಲ್ಲದೆ ಅದರ ಹಿಡಿತ ನಿಲ್ಲದು. ಇಲಿಗಳಿಗೆ ಈ ಪ್ರೋಟೀನನ್ನು ಅಡ್ಡಗಟ್ಟುವ ಪ್ರತಿಕಾಯ ಕೊಟ್ಟಾಗ ಮೊದಲು ಸೋರಿದ ಅಂಗಗಳಲ್ಲಿ ಶ್ವಾಸಕೋಶವೂ ಇತ್ತು ಎಂದು 1999ರ ಪ್ರಯೋಗ ತೋರಿಸಿತು.

● ಬೆಸುಗೆ ಬಿಡುವುದು ಹೊರಗಿನ ಏಟಿನಿಂದ ಮಾತ್ರವಲ್ಲ. ಉರಿಯೂತದ ಸಂಕೇತ ತಲುಪಿದೊಡನೆ ಜೀವಕೋಶದ ಒಳಗಿನ ಆಕ್ಟಿನ್ ಎಳೆಗಳು ಬಿಗಿಯುತ್ತವೆ, ಜೀವಕೋಶ ಒಳಮುಖವಾಗಿ ಮುದುಡುತ್ತದೆ, ಪಕ್ಕದ ಜೀವಕೋಶದ ಜೊತೆ ಬಿರುಕು ಬೀಳುತ್ತದೆ. ರಕ್ತದ ದ್ರವ, ಪ್ರೋಟೀನು ಎಲ್ಲವೂ ಆ ಬಿರುಕಿನಿಂದ ಗಾಳಿಗೂಡಿನ ಕಡೆಗೆ ನುಗ್ಗುತ್ತವೆ.

● ಈ ಜೀವಕೋಶಗಳ ಹೊಟ್ಟೆಯಲ್ಲಿ ಕೋಲಿನಾಕಾರದ ಪುಟ್ಟ ಉಗ್ರಾಣಗಳಿವೆ. 1964ರಲ್ಲಿ ಎವಾಲ್ಡ್ ವೈಬೆಲ್ ಮತ್ತು ಜಾರ್ಜ್ ಪಲಾಡೆ ಕಂಡುಹಿಡಿದದ್ದರಿಂದ ಅವಕ್ಕೆ ವೈಬೆಲ್-ಪಲಾಡೆ ಕಾಯಗಳೆಂದು ಹೆಸರು. ಅವುಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ವಸ್ತುವೂ ಇದೆ, ಬೆಸುಗೆ ಸಡಿಲಿಸುವ ಆಂಜಿಯೋಪೊಯೆಟಿನ್-2 ಕೂಡ ಇದೆ. ಉರಿಯೂತ ಎದ್ದರೆ ಕೆಲವೇ ನಿಮಿಷಗಳಲ್ಲಿ ಎರಡೂ ಹೊರಬೀಳುತ್ತವೆ.

● ಶ್ವಾಸಕೋಶದ ಅನೇಕ ಲೋಮನಾಳಗಳು ಬಿಳಿ ರಕ್ತಕಣವಾದ ನ್ಯೂಟ್ರೋಫಿಲ್‌ಗಿಂತ ಕಿರಿದು. ಅದು ಮೈ ಹಿಗ್ಗಿಸಿ ಕುಗ್ಗಿಸಿ ನುಸುಳಬೇಕು. ಹೀಗಾಗಿ ಆರೋಗ್ಯವಂತರಲ್ಲೂ ಅಪಾರ ಸಂಖ್ಯೆಯ ನ್ಯೂಟ್ರೋಫಿಲ್‌ಗಳು ಅಲ್ಲಿ ತಂಗಿರುತ್ತವೆ. ಕೆರಳಿದರೆ ಹಾನಿಯೂ ಅಲ್ಲಿಂದಲೇ ಶುರು.

● ಪ್ರಯೋಗಾಲಯದಲ್ಲಿ ಇಂಥ ಉರಿಯೂತ ಎಬ್ಬಿಸಲು ಬಳಸುವ ವಸ್ತು ಎಂಡೋಟಾಕ್ಸಿನ್, ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯ ತುಣುಕು. 1892ರಲ್ಲಿ ಕಾಲರಾ ರೋಗಾಣುವಿನ ಅಧ್ಯಯನದಲ್ಲಿ ರಿಚರ್ಡ್ ಫೈಫರ್ ಇದನ್ನು ಗುರುತಿಸಿದ. ನಮ್ಮ ಜೀವಕೋಶ ಇದನ್ನು ಹೇಗೆ ಪತ್ತೆಹಚ್ಚುತ್ತದೆಂದು 1998ರಲ್ಲಿ ತೋರಿಸಿದ ಬ್ರೂಸ್ ಬಾಯ್ಟ್ಲರ್‌ಗೆ 2011ರ ನೊಬೆಲ್ ಬಂತು.

● ಗೋಡೆ ಸೋರುತ್ತಿದೆಯೇ ಎಂದು ಅಳೆಯುವುದು ಹೇಗೆ? ಇಲಿಯ ರಕ್ತಕ್ಕೆ ಇವಾನ್ಸ್ ಬ್ಲೂ ಎಂಬ ಬಣ್ಣ ಬಿಡುತ್ತಾರೆ. ಅದು ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಸಾಗುತ್ತದೆ. ಶ್ವಾಸಕೋಶ ನೀಲಿಗಟ್ಟಿದರೆ ಗೋಡೆ ಒಡೆದಿದೆ ಎಂದೇ ಅರ್ಥ.

● ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಇನ್ನೊಂದು ಉಪಾಯವಿದೆ. ಚಿನ್ನದ ಪುಟ್ಟ ವಿದ್ಯುದ್ವಾರದ ಮೇಲೆ ಅವನ್ನು ಬೆಳೆಸಿ, ವಿದ್ಯುತ್ತಿಗೆ ಎಷ್ಟು ತಡೆಯೊಡ್ಡುತ್ತವೆಂದು ಅಳೆಯುತ್ತಾರೆ. ತಡೆ ಇಳಿದರೆ ಬಿರುಕು ಬಿದ್ದಿದೆ. 1984ರಲ್ಲಿ ಈ ವಿಧಾನವನ್ನು ಚಾರ್ಲ್ಸ್ ಕೀಸ್ ಜೊತೆ ಕಟ್ಟಿದ ಐವಾರ್ ಗೀವರ್ ಭೌತವಿಜ್ಞಾನಕ್ಕೆ 1973ರ ನೊಬೆಲ್ ಪಡೆದಿದ್ದವರು.

ಬಿಸಿ ಕಲಿಸಿದ ಪಾಠ

● ಒತ್ತಡ ಪ್ರತಿಕ್ರಿಯೆಯ ಪತ್ತೆ ಒಂದು ಆಕಸ್ಮಿಕ. ಇಟಲಿಯ ಫೆರ್ರುಚ್ಚೋ ರಿಟೋಸಾ ಹಣ್ಣುನೊಣಗಳನ್ನು ಅಭ್ಯಾಸ ಮಾಡುತ್ತಿದ್ದಾಗ ಯಾರೋ ಸಹೋದ್ಯೋಗಿ ಕಾವುಪೆಟ್ಟಿಗೆಯ ಬಿಸಿ ಏರಿಸಿಬಿಟ್ಟಿದ್ದರು. ಮರಿಹುಳುಗಳ ಜೊಲ್ಲುಗ್ರಂಥಿಯ ವರ್ಣತಂತುಗಳಲ್ಲಿ ಹೊಸ ಉಬ್ಬುಗಳು ಕಂಡವು. ಬಿಸಿ ತಗುಲಿದಾಗ ಕೆಲವು ಜೀನುಗಳು ತಟಕ್ಕನೆ ಎಚ್ಚರಗೊಳ್ಳುತ್ತವೆಂದು ಲೋಕಕ್ಕೆ ಗೊತ್ತಾದದ್ದು ಹಾಗೆ.

● ರಿಟೋಸಾ ಬರೆದ ಲೇಖನವನ್ನು ಹೆಸರಾಂತ ಪತ್ರಿಕೆಯೊಂದು ಜೀವವಿಜ್ಞಾನಕ್ಕೆ ಮಹತ್ವದ್ದಲ್ಲವೆಂದು ತಿರಸ್ಕರಿಸಿತು. ಕೊನೆಗೆ 1962ರಲ್ಲಿ 'ಎಕ್ಸ್‌ಪೀರಿಯೆನ್ಷಿಯಾ' ಅದನ್ನು ಅಚ್ಚು ಮಾಡಿತು. ಇಂದು ಅದೊಂದು ದೊಡ್ಡ ಶಾಸ್ತ್ರಶಾಖೆಯ ಬುನಾದಿ.

● ಈ ಕಥೆಯಲ್ಲಿ ಭಾರತದ ಪಾಲೂ ಇದೆ. ಕಲ್ಕತ್ತೆಯಲ್ಲಿ ಸಂಶೋಧಕರಾಗಿದ್ದ ಸುಭಾಷ್ ಚಂದ್ರ ಲಾಖೋಟಿಯಾ ಮತ್ತು ಅವರ ಗುರು ಮುಖರ್ಜಿ, ಬೆಂಜಮೈಡ್ ಎಂಬ ರಾಸಾಯನಿಕ ಹಣ್ಣುನೊಣದ ಅಂಥ ಉಬ್ಬುಗಳಲ್ಲಿ ಒಂದನ್ನು ಮಾತ್ರ ಆರಿಸಿ ಎಬ್ಬಿಸುತ್ತದೆಂದು 1970ರಲ್ಲಿ ತೋರಿಸಿದರು.

● ಆ ಜೀನುಗಳು ತಯಾರಿಸುವ ಪ್ರೋಟೀನುಗಳು ಕೈಗೆ ಸಿಕ್ಕಿದ್ದು 1974ರಲ್ಲಿ, ಆಲ್ಫ್ರೆಡ್ ಟಿಸಿಯೆರ್ ಮತ್ತು ಸಂಗಡಿಗರಿಗೆ. ಇವೇ ಹೀಟ್ ಶಾಕ್ ಪ್ರೋಟೀನುಗಳು. ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಎಂಬ ಹೆಸರಿನ ಅಂಕಿಗಳು ಅವುಗಳ ತೂಕ, ಕಿಲೋಡಾಲ್ಟನ್ ಲೆಕ್ಕದಲ್ಲಿ.

● ಇವುಗಳ ಕೆಲಸ ಬೇರೆ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳುವಂತೆ ನೋಡಿಕೊಳ್ಳುವುದು, ಕೆಟ್ಟವು ಒಂದಕ್ಕೊಂದು ಅಂಟಿ ಗಂಟು ಕಟ್ಟದಂತೆ ತಡೆಯುವುದು. ಒತ್ತಡವಿಲ್ಲದ ದಿನಗಳಲ್ಲೂ ಜೀವಕೋಶದ ಒಟ್ಟು ಪ್ರೋಟೀನಿನಲ್ಲಿ ಶೇ 1ರಿಂದ 2ರಷ್ಟು ಎಚ್‌ಎಸ್‌ಪಿ90 ಒಂದೇ ಇರುತ್ತದೆ.

● ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿಯ ಎಚ್‌ಎಸ್‌ಪಿ70ಕ್ಕೂ ಮನುಷ್ಯನದಕ್ಕೂ ಹೋಲಿಸಿದರೆ ಅಮೈನೋ ಆಮ್ಲಗಳ ಸಾಲು ಸುಮಾರು ಅರ್ಧದಷ್ಟು ಒಂದೇ. ಕೋಟ್ಯಂತರ ವರ್ಷಗಳಲ್ಲಿ ಪ್ರಕೃತಿ ಕೈಬಿಡದೆ ಉಳಿಸಿಕೊಂಡ ಸೂತ್ರವಿದು.

● ಬಿಸಿ ಮೊದಲೇ ತಗುಲಿದ್ದರೆ ಶ್ವಾಸಕೋಶಕ್ಕೆ ರಕ್ಷಣೆ ಸಿಕ್ಕೀತೇ? ಕೆನಡಾದಲ್ಲಿ ಹೆಸುಸ್ ವಿಯಾರ್, ಆರ್ಥರ್ ಸ್ಲಟ್ಸ್‌ಕಿ ಮುಂತಾದವರು ಇಲಿಗಳ ಮೈಬಿಸಿಯನ್ನು ಸ್ವಲ್ಪ ಹೊತ್ತು ಏರಿಸಿ, ಬಳಿಕ ಅವಕ್ಕೆ ರಕ್ತನಂಜು ಬರುವಂತೆ ಮಾಡಿದರು. ಮೊದಲೇ ಕಾಯಿಸಿದ ಇಲಿಗಳಲ್ಲಿ ಸಾವೂ ಕಡಿಮೆ, ಶ್ವಾಸಕೋಶದ ಹಾನಿಯೂ ಕಡಿಮೆ ಎಂದು 1994ರಲ್ಲಿ ವರದಿಯಾಯಿತು.

● ಕಾರಣಗಳಲ್ಲಿ ಒಂದು ಹೀಗಿದೆ. ಉರಿಯೂತದ ಜೀನುಗಳನ್ನು ಎಬ್ಬಿಸುವ ಗುಂಡಿ ಎನ್‌ಎಫ್-ಕಪ್ಪಾಬಿ. ಅದಕ್ಕೆ ಬೀಗ ಹಾಕಿ ಕೂರಿಸುವ ಪ್ರೋಟೀನು ಐ-ಕಪ್ಪಾಬಿ. ಹೀಟ್ ಶಾಕ್ ಪ್ರತಿಕ್ರಿಯೆ ಈ ಬೀಗವನ್ನು ಇನ್ನಷ್ಟು ತಯಾರಿಸುತ್ತದೆ. ಎನ್‌ಎಫ್-ಕಪ್ಪಾಬಿಯನ್ನು 1986ರಲ್ಲಿ ಪತ್ತೆಹಚ್ಚಿದ ಇಬ್ಬರಲ್ಲಿ ಡೇವಿಡ್ ಬಾಲ್ಟಿಮೋರ್ ಒಬ್ಬರು, ಇನ್ನೊಬ್ಬರು ರಂಜನ್ ಸೇನ್.

ಮಡಿಕೆ ತಪ್ಪಿದರೆ ಎಚ್ಚರಿಕೆ ಗಂಟೆ

● ಪ್ರೋಟೀನು ದಾರದಂತೆ ಉದ್ದಕ್ಕೆ ಹುಟ್ಟುತ್ತದೆ, ಸರಿಯಾಗಿ ಮಡಚಿಕೊಂಡರಷ್ಟೇ ಕೆಲಸಕ್ಕೆ ಬರುತ್ತದೆ. ಯಾವ ಕೋನಗಳಲ್ಲಿ ಮಡಚಿಕೊಳ್ಳಲು ಸಾಧ್ಯ, ಯಾವುದರಲ್ಲಿ ಅಸಾಧ್ಯ ಎಂಬ ನಕ್ಷೆ ಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು, 1963ರಲ್ಲಿ ಮದ್ರಾಸಿನಿಂದ. ಸಿ. ವಿ. ರಾಮನ್ ಶಿಷ್ಯರಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತಿದ್ದ ಅವರು ಮುಂದೆ ಅಲ್ಲಿಗೇ ಮರಳಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಇಂದಿಗೂ ಜಗತ್ತಿನ ಪ್ರಯೋಗಾಲಯಗಳು ಪ್ರೋಟೀನಿನ ರಚನೆಯನ್ನು ಒಪ್ಪುವ ಮೊದಲು 'ರಾಮಚಂದ್ರನ್ ಪ್ಲಾಟ್' ನೋಡುತ್ತವೆ.

● ಜೀವಕೋಶದ ಪ್ರೋಟೀನುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಮಡಚಿಕೊಳ್ಳುವ ಜಾಗ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ, ಚಿಕ್ಕದಾಗಿ ಇಆರ್. ಗೋಡೆಯ ಬೆಸುಗೆಯಾದ ವಿಇ-ಕ್ಯಾಡ್ಹೆರಿನ್ ಕೂಡ ಇಲ್ಲಿಂದಲೇ ಹೊರಡಬೇಕು. ಇಆರ್ ಕೆಟ್ಟರೆ ಗೋಡೆಗೂ ಕೇಡು.

● ಮಡಿಕೆ ತಪ್ಪಿದ ಪ್ರೋಟೀನು ರಾಶಿಬಿದ್ದಾಗ ಜೀವಕೋಶ ಬಾರಿಸುವ ಎಚ್ಚರಿಕೆ ಗಂಟೆಗೆ ಅನ್‌ಫೋಲ್ಡೆಡ್ ಪ್ರೋಟೀನ್ ರೆಸ್ಪಾನ್ಸ್, ಅಂದರೆ ಯುಪಿಆರ್, ಎಂದು ಹೆಸರು. ಕೆಟ್ಟ ಪ್ರೋಟೀನು ಸೇರಿದ್ದೇ ಈ ಪ್ರತಿಕ್ರಿಯೆಗೆ ಕಾರಣವೆಂದು 1988ರಲ್ಲಿ ಮೇರಿ-ಜೇನ್ ಗೆಥಿಂಗ್ ಮತ್ತು ಜೋಸೆಫ್ ಸ್ಯಾಮ್‌ಬ್ರೂಕ್ ತಂಡ ತೋರಿಸಿತು.

● ಗಂಟೆ ಬಾರಿಸುವ ಮೊದಲ ಪ್ರೋಟೀನು ಐಆರ್‌ಇ1 ಸಿಕ್ಕಿದ್ದು ಶ್ವಾಸಕೋಶದಲ್ಲಲ್ಲ, ಬ್ರೆಡ್ಡು ಉಬ್ಬಿಸುವ ಯೀಸ್ಟಿನಲ್ಲಿ! 1993ರಲ್ಲಿ ಕಝುತೋಶಿ ಮೋರಿ ಮತ್ತು ಪೀಟರ್ ವಾಲ್ಟರ್ ಬೇರೆ ಬೇರೆಯಾಗಿಯೇ ಅದನ್ನು ಕಂಡರು. 2014ರ ಲಾಸ್ಕರ್ ಪ್ರಶಸ್ತಿ ಇಬ್ಬರಿಗೂ ಹಂಚಿಹೋಯಿತು.

● ನಮ್ಮ ಜೀವಕೋಶಗಳಲ್ಲಿ ಇಂಥ ಸಂವೇದಕಗಳು ಮೂರು: ಐಆರ್‌ಇ1, ಪರ್ಕ್, ಎಟಿಎಫ್6. ಮಾಮೂಲಿ ಹೊತ್ತಿನಲ್ಲಿ ಬಿಪ್ ಎಂಬ ಪ್ರೋಟೀನು ಇವನ್ನು ಹಿಡಿದು ಸುಮ್ಮನಿರಿಸುತ್ತದೆ. ಕೆಟ್ಟ ಪ್ರೋಟೀನು ಹೆಚ್ಚಾದಾಗ ಬಿಪ್ ಅವುಗಳ ಆರೈಕೆಗೆ ಓಡುತ್ತದೆ, ಸಂವೇದಕಗಳು ಎಚ್ಚರಗೊಳ್ಳುತ್ತವೆ.

● ಪರ್ಕ್ ಮಾಡುವ ಕೆಲಸ ಸರಳ: ಹೊಸ ಪ್ರೋಟೀನು ತಯಾರಿಕೆಗೆ ತಾತ್ಕಾಲಿಕ ತಡೆ. ಎಲೆ ಎತ್ತಿ ನೆಲ ಒರೆಸುವ ತನಕ ಮುಂದಿನ ಪಂಕ್ತಿಯನ್ನು ಊಟಕ್ಕೆ ಕೂರಿಸದ ಹಾಗೆ.

● ಐಆರ್‌ಇ1 ಒಂದು ಕತ್ತರಿಯೂ ಹೌದು. ಎಕ್ಸ್‌ಬಿಪಿ1 ಎಂಬ ಆರ್‌ಎನ್‌ಎ ಸಂದೇಶದಿಂದ ಅದು ಸರಿಯಾಗಿ 26 ಅಕ್ಷರಗಳನ್ನು ಕತ್ತರಿಸಿ ತೆಗೆಯುತ್ತದೆ. ಉಳಿದ ತುದಿಗಳು ಮತ್ತೆ ಬೆಸೆದ ಮೇಲೆ ಆ ಸಂದೇಶ, ಮಡಿಕೆಗೆ ನೆರವಾಗುವ ಜೀನುಗಳನ್ನು ಎಬ್ಬಿಸುವ ಪ್ರೋಟೀನಾಗುತ್ತದೆ. ಎಟಿಎಫ್6 ಮಾತ್ರ ತಾನೇ ಕತ್ತರಿಗೆ ಸಿಗುವ ಜಾತಿ. ಗಾಲ್ಜಿ ಎಂಬ ಭಾಗಕ್ಕೆ ಹೋಗಿ ತುಂಡಾಗುತ್ತದೆ, ಒಂದು ತುಂಡು ಕೋಶಕೇಂದ್ರ ಸೇರಿ ಆಜ್ಞೆ ಹೊರಡಿಸುತ್ತದೆ.

● ಯುಪಿಆರ್‌ನಿಂದ ಶ್ವಾಸಕೋಶದ ರಕ್ತನಾಳಕ್ಕೆ ಲಾಭವುಂಟೇ? ಲೂಯಿಸಿಯಾನಾ ವಿಶ್ವವಿದ್ಯಾಲಯದ ಮನ್ರೋ ಕೇಂದ್ರದಲ್ಲಿ ನೆಸ್ಟರ್ ಬರಬೂಟಿಸ್ ತಂಡ ಎಂಡೋಥೀಲಿಯಲ್ ಜೀವಕೋಶಗಳ ಮೇಲೆ ಇದನ್ನೇ ಪರೀಕ್ಷಿಸಿತು. ಯುಪಿಆರ್ ಮಿತವಾಗಿ ಎಬ್ಬಿಸಿದಾಗ ಗೋಡೆ ಬಿಗಿಯಾಯಿತು, ಅದುಮಿದಾಗ ಸಡಿಲವಾಯಿತು.

● ಎಬ್ಬಿಸಲು ಬಳಸಿದ ವಸ್ತುವಾದರೂ ಏನು? ಟ್ಯುನಿಕಾಮೈಸಿನ್, ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ವಿಷ! ಪ್ರೋಟೀನಿಗೆ ಸಕ್ಕರೆಯ ಸರಪಳಿ ಜೋಡಣೆಯಾಗದಂತೆ ತಡೆದು ಮಡಿಕೆ ಕೆಡಿಸುವುದೇ ಅದರ ಗುಣ. ವಿಷದ ಒಂದು ಹನಿ ಕಾವಲನ್ನು ಎಚ್ಚರಿಸುತ್ತದೆ, ಹೆಚ್ಚಾದರೆ ಜೀವಕೋಶವನ್ನೇ ಮುಗಿಸುತ್ತದೆ.

● ಇಆರ್ ಒತ್ತಡ ಎಬ್ಬಿಸುವ ಇನ್ನೊಂದು ಸಾಧನ ಥ್ಯಾಪ್ಸಿಗಾರ್ಜಿನ್. ಮೆಡಿಟರೇನಿಯನ್ ತೀರದ ಥ್ಯಾಪ್ಸಿಯಾ ಗಾರ್ಗಾನಿಕಾ ಗಿಡದಿಂದ ಬರುವ ಇದು ಇಆರ್‌ಗೆ ಕ್ಯಾಲ್ಸಿಯಂ ತುಂಬುವ ಪಂಪನ್ನು ನಿಲ್ಲಿಸುತ್ತದೆ. ಗಿಡ ಕ್ಯಾರೆಟ್ಟಿನ ಬಂಧು, ಗುಣ ಮಾರಕ.

● ಗಂಟೆ ನಿಲ್ಲದೆ ಬಾರಿಸುತ್ತಲೇ ಇದ್ದರೆ? ಆಗ ಚಾಪ್ ಎಂಬ ಪ್ರೋಟೀನು ಏರುತ್ತದೆ, ಜೀವಕೋಶ ಆತ್ಮಹತ್ಯೆಗೆ ಅಣಿಯಾಗುತ್ತದೆ. ದುರಸ್ತಿಗೆಂದು ಎದ್ದ ವ್ಯವಸ್ಥೆಯೇ ಮರಣಶಾಸನ ಬರೆಯುತ್ತದೆ.

● ಈ ಅತಿರೇಕದ ಸಾಕ್ಷಿ ಕೆಲವು ಕುಟುಂಬಗಳಲ್ಲಿದೆ. ಗಾಳಿಗೂಡು ಕುಸಿಯದಂತೆ ಕಾಯುವ ಸರ್ಫ್ಯಾಕ್ಟಂಟ್‌ನ ಸಿ ಪ್ರೋಟೀನಿನ ಜೀನು ಕೆಟ್ಟವರಲ್ಲಿ ಮಡಿಕೆ ತಪ್ಪಿದ ಪ್ರೋಟೀನು ಜೀವಕೋಶಗಳಲ್ಲಿ ತುಂಬಿಕೊಂಡು ಶ್ವಾಸಕೋಶ ನಾರುಗಟ್ಟುತ್ತದೆ. ಇಂಥ ದೋಷ 2001ರಲ್ಲಿ ಮೊದಲು ವರದಿಯಾಯಿತು. ಸಿಗರೇಟಿನ ಹೊಗೆಯೂ ಶ್ವಾಸಕೋಶದಲ್ಲಿ ಯುಪಿಆರ್ ಎಬ್ಬಿಸುತ್ತದೆ, ಅದೂ ದಿನದಿನವೂ, ಬಿಡುವಿಲ್ಲದೆ.

ಶತ್ರುವನ್ನು ಮಿತ್ರನಾಗಿಸುವ ಮದ್ದು

● ಎಚ್‌ಎಸ್‌ಪಿ90 ಜೀವಕೋಶದ ಆಪ್ತ ಸಹಾಯಕ. ಅದನ್ನು ತಡೆದರೆ ಕೇಡಾಗಬೇಕಲ್ಲವೇ? ಆದದ್ದು ತಿರುಗುಮುರುಗು. ಅಮೆರಿಕದ ಜಾರ್ಜಿಯಾದಲ್ಲಿ ಜಾನ್ ಕತ್ರಾವಾಸ್ ತಂಡ ಎಂಡೋಟಾಕ್ಸಿನ್ ಕೊಟ್ಟ ಇಲಿಗಳಿಗೆ ಎಚ್‌ಎಸ್‌ಪಿ90 ತಡೆಗಳನ್ನು ಕೊಟ್ಟಾಗ ಶ್ವಾಸಕೋಶದ ಸೋರಿಕೆ ಕುಗ್ಗಿತು.

● ಗುಟ್ಟು ಇಷ್ಟೆ. ಉರಿಯೂತ ಹಬ್ಬಿಸುವ ಹಲವು ಪ್ರೋಟೀನುಗಳೂ ನಿಂತಿರುವುದು ಎಚ್‌ಎಸ್‌ಪಿ90ರ ಆಸರೆಯಲ್ಲೇ. ಆಸರೆ ತಪ್ಪಿದರೆ ಅವು ಕುಸಿಯುತ್ತವೆ. ಜೊತೆಗೆ, ಎಚ್‌ಎಸ್‌ಪಿ90 ಕಟ್ಟಿಹಾಕಿದ್ದ ಎಚ್‌ಎಸ್‌ಎಫ್1 ಎಂಬ ಪ್ರೋಟೀನು ಬಿಡುಗಡೆಯಾಗಿ ರಕ್ಷಕ ಎಚ್‌ಎಸ್‌ಪಿ70ರ ತಯಾರಿಕೆ ಏರುತ್ತದೆ.

● ಈ ಬಗೆಯ ಮದ್ದುಗಳ ಮೂಲಪುರುಷ ಜೆಲ್ಡಾನಾಮೈಸಿನ್, 1970ರಲ್ಲಿ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ್ದು. ಯಕೃತ್ತಿಗೆ ವಿಷವಾದ್ದರಿಂದ ಅದು ಔಷಧವಾಗಲಿಲ್ಲ. ಅದೇ ಗುರಿಯ ಪಿಮಿಟೆಸ್ಪಿಬ್ 2022ರಲ್ಲಿ ಜಪಾನಿನಲ್ಲಿ ಮಂಜೂರಾಯಿತು, ಆದರೆ ಜಠರ-ಕರುಳಿನ ಒಂದು ಬಗೆಯ ಗಡ್ಡೆಗೆ ಮಾತ್ರ.

● ಕ್ಯಾನ್ಸರ್ ತಡೆಗೆ ಹೆಸರಾದ ಪಿ53 ಪ್ರೋಟೀನು ಶ್ವಾಸಕೋಶದ ರಕ್ತನಾಳಕ್ಕೂ ಬೆಂಗಾವಲು. ಎಂಡೋಟಾಕ್ಸಿನ್‌ನಿಂದ ಗೋಡೆ ಬಿರಿಯದಂತೆ ಅದು ಕಾಯುತ್ತದೆಂದು 2015ರ ಅಧ್ಯಯನ ತೋರಿಸಿತು. ಪಿ53 ಮತ್ತು ಎನ್‌ಎಫ್-ಕಪ್ಪಾಬಿ ಒಂದನ್ನೊಂದು ಅದುಮುವ ಎದುರಾಳಿಗಳು.

● ಬೆಳವಣಿಗೆಯ ಹಾರ್ಮೋನು ಬಿಡುಗಡೆ ಮಾಡಿಸುವ ಮಿದುಳಿನ ಸಂಕೇತವನ್ನು ತಡೆಯುವ ಮದ್ದುಗಳನ್ನು ಆಂಡ್ರ್ಯೂ ಶಾಲಿ ತಂಡ ಕ್ಯಾನ್ಸರಿಗೆಂದು ರೂಪಿಸಿತ್ತು. 1977ರ ನೊಬೆಲ್ ಪಡೆದ ವಿಜ್ಞಾನಿ ಈತ. ಪ್ರಯೋಗಾಲಯದ ಎಂಡೋಥೀಲಿಯಲ್ ಜೀವಕೋಶಗಳಲ್ಲಿ ಅದೇ ಮದ್ದುಗಳು ಯುಪಿಆರ್ ಎಬ್ಬಿಸಿ ಗೋಡೆ ಬಿಗಿಗೊಳಿಸಿವೆ.

ಆಮ್ಲಜನಕ: ಜೀವವೂ ಹೌದು, ಬೆಂಕಿಯೂ ಹೌದು

● ಶುದ್ಧ ಆಮ್ಲಜನಕವನ್ನು ಬಹಳ ಹೊತ್ತು ಉಸಿರಾಡಿದರೆ ಶ್ವಾಸಕೋಶಕ್ಕೇ ಹಾನಿ. ಜೇಮ್ಸ್ ಲೊರೈನ್ ಸ್ಮಿತ್ ಇದನ್ನು ಪ್ರಾಣಿಗಳಲ್ಲಿ ತೋರಿಸಿದ್ದು 1899ರಲ್ಲಿ.

● ಆಮ್ಲಜನಕದ ಈ ಸುಡುವಿಕೆಯ ವಿರುದ್ಧ ನಿಲ್ಲುವ ಸರದಾರ ಎನ್‌ಆರ್‌ಎಫ್2 ಎಂಬ ಪ್ರೋಟೀನು. ಶಾಂತಿಕಾಲದಲ್ಲಿ ಕೀಪ್1 ಅದನ್ನು ಹಿಡಿದು ನಾಶಕ್ಕೆ ಕಳಿಸುತ್ತಿರುತ್ತದೆ, ಸಂಕಟ ಬಂದಾಗ ಹಿಡಿತ ಸಡಿಲಿಸುತ್ತದೆ. ಎನ್‌ಆರ್‌ಎಫ್2 ಇಲ್ಲದ ಇಲಿಗಳ ಶ್ವಾಸಕೋಶ ಅತಿ ಆಮ್ಲಜನಕಕ್ಕೆ ಹೆಚ್ಚು ಬೇಗ ಸೋರಿತೆಂದು 2002ರಲ್ಲಿ ಕಂಡುಬಂತು.

● ಕೋಸುಗಡ್ಡೆಯ ಕುಲದ ತರಕಾರಿಗಳಲ್ಲಿ ಸಿಗುವ ಸಲ್ಫೊರಫೇನ್ ಪ್ರಯೋಗಾಲಯದಲ್ಲಿ ಎನ್‌ಆರ್‌ಎಫ್2ನ್ನು ಎಬ್ಬಿಸುತ್ತದೆ. ಹಾಗೆಂದು ಅದನ್ನು ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯ ರೋಗಿಗಳಿಗೆ ಕೊಟ್ಟು ನೋಡಿದ 2016ರ ಪ್ರಯೋಗದಲ್ಲಿ ಗುಣ ಕಾಣಲಿಲ್ಲ. ಕೋಸು ಊಟಕ್ಕೆ ಒಳ್ಳೆಯದು, ಔಷಧವೆಂದು ನಂಬಬೇಡಿ.

● ಏಟು ಬಿದ್ದ ಕಡೆ ನೀಲಿಗಟ್ಟಿದ ಚರ್ಮ ಮರುದಿನಗಳಲ್ಲಿ ಹಸಿರಾಗಿ, ಹಳದಿಯಾಗುವುದನ್ನು ನೋಡಿದ್ದೀರಲ್ಲ? ಅದು ಹೀಮ್ ಆಕ್ಸಿಜನೇಸ್ ಎಂಬ ಕಿಣ್ವದ ಕೆಲಸದ ಗುರುತು. ಅದೇ ಕಿಣ್ವದ ಮೊದಲ ರೂಪ, ಎಚ್‌ಒ-1, ರಕ್ತನಾಳದ ಒತ್ತಡ ಪ್ರತಿಕ್ರಿಯೆಯ ಮುಂಚೂಣಿ ಸಿಪಾಯಿ.

● ಎಚ್‌ಒ-1 ಇಲ್ಲದಿದ್ದರೆ ಏನಾಗುತ್ತದೆ? 1999ರಲ್ಲಿ ಜಪಾನಿನ ವೈದ್ಯರು ಅಂಥ ಕೊರತೆಯ ಆರು ವರ್ಷದ ಬಾಲಕನ ವರದಿ ಪ್ರಕಟಿಸಿದರು. ಮನುಷ್ಯರಲ್ಲಿ ಕಂಡ ಮೊದಲ ಪ್ರಕರಣ ಅದು. ಅವನ ರಕ್ತನಾಳಗಳ ಒಳಪದರಕ್ಕೆ ತೀವ್ರ ಹಾನಿಯಾಗಿತ್ತು.

● ಆಮ್ಲಜನಕ ಕಡಿಮೆಯಾದರೂ ಜೀವಕೋಶ ಎಚ್ಚೆತ್ತುಕೊಳ್ಳುತ್ತದೆ. ಅದಕ್ಕೆ ಎಚ್‌ಐಎಫ್ ಎಂಬ ಸಂಕೇತವಿದೆ, ಅದರ ಗುಟ್ಟು ಬಿಡಿಸಿದ ಸೆಮೆನ್ಜಾ, ರ‍್ಯಾಟ್‌ಕ್ಲಿಫ್, ಕೇಲಿನ್ ಅವರಿಗೆ 2019ರ ನೊಬೆಲ್ ಬಂತು. ಇದರ ಎರಡನೆಯ ರೂಪ ವಿಇ-ಕ್ಯಾಡ್ಹೆರಿನ್ ಬೆಸುಗೆಯನ್ನು ಗಟ್ಟಿ ಮಾಡುತ್ತದೆಂದು 2015ರಲ್ಲಿ ಶಿಕಾಗೋದ ವಿಜ್ಞಾನಿಗಳು ಇಲಿಗಳಲ್ಲಿ ಕಂಡರು.

ಹಾಸಿಗೆಯ ಪಕ್ಕದ ಸತ್ಯ

● ಉರಿಯೂತದಿಂದ ಶ್ವಾಸಕೋಶದ ರಕ್ತನಾಳ ಸೋರಿ ಗಾಳಿಗೂಡು ತುಂಬುವ ಸ್ಥಿತಿಗೆ ವೈದ್ಯರ ಹೆಸರು ಎಆರ್‌ಡಿಎಸ್. 1967ರಲ್ಲಿ ಅಮೆರಿಕದ ಡೆನ್ವರ್‌ನ ವೈದ್ಯರು 12 ರೋಗಿಗಳ ವಿವರದೊಡನೆ 'ಲಾನ್ಸೆಟ್'ನಲ್ಲಿ ಇದನ್ನು ಮೊದಲು ಬಣ್ಣಿಸಿದರು.

● 2016ರಲ್ಲಿ ಪ್ರಕಟವಾದ 50 ದೇಶಗಳ ಅಧ್ಯಯನದ ಪ್ರಕಾರ ತೀವ್ರ ನಿಗಾ ಘಟಕ ಸೇರಿದವರಲ್ಲಿ ಶೇ 10ರಷ್ಟು ಮಂದಿಗೆ ಎಆರ್‌ಡಿಎಸ್ ಇತ್ತು. ಅವರಲ್ಲಿ ಸುಮಾರು ಶೇ 40 ಜನ ಆಸ್ಪತ್ರೆಯಲ್ಲೇ ಕೊನೆಯುಸಿರೆಳೆದರು.

● ವೆಂಟಿಲೇಟರಿನ ಅತಿ ಗಾಳಿಯೂ ಶ್ವಾಸಕೋಶಕ್ಕೆ ಒತ್ತಡವೇ. ರೋಗಿಯ ಆದರ್ಶ ತೂಕದ ಪ್ರತಿ ಕಿಲೋಗೆ 12 ಮಿಲಿಲೀಟರ್ ಬದಲು 6 ಮಿಲಿಲೀಟರ್ ಗಾಳಿ ಕೊಟ್ಟಾಗ ಸಾವಿನ ಪ್ರಮಾಣ ಶೇ 39.8ರಿಂದ 31ಕ್ಕೆ ಇಳಿಯಿತು. 2000ದಲ್ಲಿ ಬಂದ ಈ ಫಲಿತಾಂಶ ಇಂದಿಗೂ ಚಿಕಿತ್ಸೆಯ ಅಡಿಗಲ್ಲು.

● ತೀವ್ರ ಸ್ಥಿತಿಯ ರೋಗಿಯನ್ನು ದಿನದಲ್ಲಿ ಬಹು ಹೊತ್ತು ಬೋರಲು ಮಲಗಿಸಿದರೆ 28 ದಿನಗಳ ಸಾವಿನ ಪ್ರಮಾಣ ಶೇ 32.8ರಿಂದ 16ಕ್ಕೆ ಇಳಿಯಿತೆಂದು 2013ರಲ್ಲಿ ಫ್ರಾನ್ಸಿನ ನೇತೃತ್ವದ ಪ್ರಯೋಗ ತೋರಿಸಿತು. ಯಾವ ಮದ್ದೂ ಅಲ್ಲ, ಬರೀ ಮಗ್ಗುಲು ಬದಲಾವಣೆ!

● ಕೋವಿಡ್‌ನಿಂದ ಸತ್ತವರ ಶ್ವಾಸಕೋಶಗಳನ್ನು 2020ರಲ್ಲಿ ಪರೀಕ್ಷಿಸಿದಾಗ ಗಾಳಿಗೂಡಿನ ಲೋಮನಾಳಗಳಲ್ಲಿನ ಸಣ್ಣ ಹೆಪ್ಪುಗಳು ಇನ್‌ಫ್ಲುಯೆಂಜಾದಿಂದ ಸತ್ತವರಿಗಿಂತ ಒಂಬತ್ತು ಪಟ್ಟು ಹೆಚ್ಚಿದ್ದವು. ರಕ್ತನಾಳದ ಒಳಪದರ ಎಲ್ಲರ ಗಮನಕ್ಕೆ ಬಂದದ್ದು ಆಗ. ಉರಿಯೂತ ತಗ್ಗಿಸುವ ಅಗ್ಗದ ಡೆಕ್ಸಾಮೆಥಸೋನ್ ಆ ವರ್ಷ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರನೆಯ ಒಂದರಷ್ಟು ಕುಗ್ಗಿಸಿತು.

● ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಗೆಲ್ಲಬೇಕೆಂದಿಲ್ಲ. ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆ ಪ್ರಾಣಿಗಳ ಶ್ವಾಸಕೋಶದ ಗೋಡೆಯನ್ನು ಕಾಯ್ದಿತ್ತು. ರಕ್ತನಂಜಿನಿಂದ ಎಆರ್‌ಡಿಎಸ್ ಬಂದವರಿಗೆ ಕೊಟ್ಟಾಗ ಪ್ರಯೋಜನವಾಗಲಿಲ್ಲವೆಂದು 2014ರ ದೊಡ್ಡ ಪ್ರಯೋಗ ಹೇಳಿತು. ಯುಪಿಆರ್, ಎಚ್‌ಎಸ್‌ಪಿ90 ಮದ್ದುಗಳೂ ಇದೇ ಅಗ್ನಿಪರೀಕ್ಷೆ ದಾಟಬೇಕಿದೆ.

● ಹಾಗಾಗಿ ಸೌನಾ ಬಿಸಿ, ಆವಿಯ ಕೋಣೆ, ಸಲ್ಫೊರಫೇನ್ ಪುಡಿ ಇವುಗಳಿಂದ ಶ್ವಾಸಕೋಶದ ರಕ್ತನಾಳ ಗಟ್ಟಿಯಾಗುತ್ತದೆಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಎಆರ್‌ಡಿಎಸ್‌ಗೆ ದೂಡುವ ಮುಖ್ಯ ಕಾರಣಗಳು ನ್ಯುಮೋನಿಯಾ ಮತ್ತು ರಕ್ತನಂಜು. ಹೊಗೆಬತ್ತಿ ಬಿಡಿ. ವಯಸ್ಸಾದವರು ಮತ್ತು ಮಧುಮೇಹಿಗಳು ಫ್ಲೂ, ನ್ಯುಮೋನಿಯಾ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ಜ್ವರದ ಜೊತೆ ಏದುಸಿರು, ಗೊಂದಲ, ತುಟಿ ನೀಲಿಗಟ್ಟುವುದು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.